ನಕ್ಷತ್ರ ಬಿದ್ದ ಹೊಂಡ

“ನಿಜ್ವಾ ಕೋಟೆಯ ಬುರುಜು ಎಷ್ಟು ಎತ್ತರ, ಆಬ್?”

ಮೊಮ್ಮಗಳು ಶೆರಿಲ್ ಇದನ್ನು ಕೇಳಿದಾಗ ನಾನು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬೀನ್ಸಿನ ನಾರು ತೆಗೆಯುತ್ತಿದ್ದೆ. ಅವಳಿಗೆ ಹನ್ನೆರಡು ವರ್ಷ, ಪರ್ತ್ ನಗರದ ವಿಲೆಟನ್ನಿನ ಶಾಲೆಯಲ್ಲಿ ಏಳನೆಯ ತರಗತಿ. ನಮ್ಮ ಕೊಂಕಣಿ ಮಾತು ಅವಳಿಗೆ ಚೆನ್ನಾಗಿ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜ ಎಂಬರ್ಥದ ‘ಆಬ್’ ಒಂದನ್ನು ಬಿಟ್ಟರೆ ಅವಳ ಬಾಯಲ್ಲಿ ನಮ್ಮ ಮಾತು ಉಳಿದಿಲ್ಲ.

ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರಂತೆ. ಯಾವುದಾದರೂ ಅರಬ್ ದೇಶಕ್ಕೆ ಹೋಗುವವರಿಗಾಗಿ ಚಿಕ್ಕ ಕೈಪಿಡಿ ಬರೆಯಬೇಕು. ಹಳೆಯ ಪಟ್ಟಣಗಳು, ಪ್ರಕೃತಿಯ ನೋಟಗಳು, ಚಿತ್ರಗಳು. ಇವಳು ಒಮಾನ್ ಆರಿಸಿಕೊಂಡು, “ನನ್ನ ಅಜ್ಜ ಅಲ್ಲಿ ಮೂವತ್ತೊಂದು ವರ್ಷ ಇದ್ದರು, ಅವರಿಗೆ ಎಲ್ಲವೂ ಗೊತ್ತು” ಎಂದು ಟೀಚರಿಗೆ ಹೇಳಿ ಬಂದಿದ್ದಳು.

“ಎತ್ತರ ಉಂಟು,” ಎಂದೆ.

“ಎಷ್ಟು ಮೀಟರ್?”

“ನಾನು ಅಳೆದಿಲ್ಲ ಮಗಾ.”

“ಒಳಗೆ ಹೋದಾಗ ಬೋರ್ಡ್ ಇರಲಿಲ್ಲವಾ?”

“ಒಳಗೆ ಹೋಗಿಲ್ಲ.”

“ಹೊರಗಿನಿಂದ ನೋಡಿದಾಗ?”

ನಾನು ಬೀನ್ಸ್ ನೋಡುತ್ತಾ, “ಹೊರಗಿನಿಂದಲೂ ನೋಡಿಲ್ಲ,” ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟಳು. “ಮತ್ತೆ ಮೂವತ್ತೊಂದು ವರ್ಷ ಅಲ್ಲಿ ಏನು ನೋಡಿದಿರಿ ಆಬ್?”

ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಮಸ್ಕತ್ತಿನಲ್ಲಿ ವಾದಿ ಕಬೀರಿನ ಗೋದಾಮು, ರೂವಿಯ ಇಗರ್ಜಿ, ಮತ್ರಾದ ಮೀನು ಮಾರ್ಕೆಟ್, ವಿಮಾನ ನಿಲ್ದಾಣ. ನಾನು ಕಂಡ ಒಮಾನ್ ಅಷ್ಟೇ. ಅದನ್ನು ಹೇಳದೆ ಎದ್ದು ಹೋಗಿ ನನ್ನ ಕೋಣೆಯಿಂದ ಲಿಲ್ಲಿಯ ಬಿಸ್ಕತ್ತಿನ ಡಬ್ಬಿ ತಂದೆ.

ಲಿಲ್ಲಿ ನನ್ನ ಹೆಂಡತಿ. ತೀರಿಕೊಂಡು ಆಗ ಒಂಬತ್ತು ತಿಂಗಳಾಗಿತ್ತು.

ಆ ಡಬ್ಬಿಯಲ್ಲಿ ಹದಿನೇಳು ಚಿತ್ರಗಳಿವೆ. ನಾನು ಸ್ಟೋರ್‌ಕೀಪರ್ ಆಗಿದ್ದ ಕಂಪನಿಯವರು ಪ್ರತಿ ವರ್ಷ ಒಮಾನಿನ ಚಿತ್ರಗಳ ಕ್ಯಾಲೆಂಡರ್ ಕೊಡುತ್ತಿದ್ದರು. ವರ್ಷ ಮುಗಿದ ಮೇಲೆ ಲಿಲ್ಲಿ ತನಗೆ ಮೆಚ್ಚಿಕೆಯಾದ ಒಂದು ಹಾಳೆಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದಳು. ನಿಜ್ವಾದ ದುಂಡು ಕೋಟೆ. ಬಹ್ಲಾದ ಮಣ್ಣಿನ ಗೋಡೆಗಳು. ಹಸಿರು ಬೆಟ್ಟವೆಂದು ಹೆಸರಾದ ಜೆಬೆಲ್ ಅಖ್ದರಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗುಲಾಬಿ ತೋಟ. ಸೂರ್ ಪಟ್ಟಣದಲ್ಲಿ ಮರದ ಹಡಗು ಕಟ್ಟುವವರು. ವಾಹಿಬಾದ ಮರಳು. ಮಳೆಗಾಲದ ಸಲಾಲಾ. ಮತ್ತೆ ಬಿಮ್ಮಾದ ಹೊಂಡ: ಸಮುದ್ರದ ಪಕ್ಕದಲ್ಲಿ ನೆಲ ಕುಸಿದು ಆದ ದೊಡ್ಡ ಬಾವಿಯಂಥ ಗುಂಡಿ, ತಳದಲ್ಲಿ ನೀಲಿಯೂ ಅಲ್ಲದ ಹಸಿರೂ ಅಲ್ಲದ ನೀರು. ಆಕಾಶದಿಂದ ನಕ್ಷತ್ರ ಬಿದ್ದು ಆ ಗುಂಡಿ ಆಯಿತೆಂದು ಅಲ್ಲಿಯ ಜನ ಹೇಳುತ್ತಾರೆ.

ಶೆರಿಲ್ ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು. ಒಂದನ್ನು ತಿರುಗಿಸಿ ನೋಡಿ, “ಹಿಂದೆ ಗ್ರ್ಯಾಂಡ್‌ಮಾ ಏನೋ ಬರೆದಿದ್ದಾಳೆ. ಏನದು?” ಎಂದಳು.

ಲಿಲ್ಲಿ ಕನ್ನಡ ಶಾಲೆಯಲ್ಲಿ ಕಲಿತವಳು, ಬರೆಯುತ್ತಿದ್ದುದು ಕನ್ನಡದಲ್ಲಿಯೇ. ಆ ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬ.

“ಊರಿನ ಹೆಸರು,” ಎಂದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಮಗುವಿಗೆ ಸುಳ್ಳು ಹೇಳಿದೆ. ದೇವರು ಕ್ಷಮಿಸಲಿ.

ಲಿಲ್ಲಿ ಮಸ್ಕತ್ತಿಗೆ ಬಂದ ಎರಡನೆಯ ವರ್ಷ ನಾನು ಮ್ಯಾನೇಜರರ ಮುಂದೆ ನಿಂತು, ಹೆಂಡತಿಯನ್ನು ನಿಜ್ವಾಕ್ಕೆ ಕರೆದುಕೊಂಡು ಹೋಗಲು ಎರಡು ದಿನ ರಜೆ ಬೇಕೆಂದು ಕೇಳಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ನಿಜ್ವಾದಲ್ಲಿ ನಿನಗೇನು ಕೆಲಸ?” ಎಂದರು. ಕೆಲಸ ಏನೂ ಇರಲಿಲ್ಲ. “ವೀಸಾ ಇರುವುದು ಕೆಲಸಕ್ಕೆ, ಕೋಟೆ ನೋಡಲಿಕ್ಕಲ್ಲ,” ಎಂದರು. ಅಷ್ಟಕ್ಕೇ ನಾನು ಕೇಳುವುದನ್ನು ಬಿಟ್ಟೆ. ಕೇಳದವನಿಗೆ ಇಲ್ಲ ಎನ್ನಿಸಿಕೊಳ್ಳುವ ಅವಮಾನವೂ ಇಲ್ಲ. ನಮ್ಮ ಪಾಸ್‌ಪೋರ್ಟುಗಳು ಕಂಪನಿಯ ತಿಜೋರಿಯಲ್ಲಿದ್ದವು. ಊರಿಗೆ ಹೋಗುವಾಗ ಅರ್ಜಿ ಬರೆದು ಪಡೆದುಕೊಳ್ಳಬೇಕು, ಬಂದ ಮರುದಿನ ಒಪ್ಪಿಸಬೇಕು. ದೇಶದೊಳಗೆ ತಿರುಗಲು ಪಾಸ್‌ಪೋರ್ಟ್ ಬೇಡ, ಕೈಯಲ್ಲಿರುವ ಗುರುತಿನ ಕಾರ್ಡೇ ಸಾಕು ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ಅನುಮತಿಯ ಚೀಟಿಯಿಲ್ಲದೆ ಊರ ಗಡಿ ದಾಟಲು ನನ್ನ ಕಾಲು ಏಳುತ್ತಿರಲಿಲ್ಲ.

ಅಲ್ಲಿ ವಾರದ ರಜೆ ಶುಕ್ರವಾರ, ಅದಕ್ಕೆ ಇಗರ್ಜಿಯಲ್ಲಿ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ ಆಗುತ್ತಿತ್ತು. ಪೂಜೆ ಮುಗಿಸಿ ಬರುವ ದಾರಿಯಲ್ಲಿ ರೂವಿಯ ಬಸ್ ನಿಲ್ದಾಣ. ಹಣೆಯ ಮೇಲೆ ನಿಜ್ವಾ ಎಂದು ಬರೆದುಕೊಂಡ ಬಸ್ಸು ನಿಂತಿರುತ್ತಿತ್ತು. ಲಿಲ್ಲಿ ನಡಿಗೆ ನಿಧಾನ ಮಾಡುತ್ತಿದ್ದಳು. “ಎರಡು ಗಂಟೆಯ ದಾರಿಯಂತೆ,” ಎನ್ನುವಳು. “ಮುಂದಿನ ಚಳಿಗಾಲ,” ಎನ್ನುವೆನು ನಾನು. ಹೀಗೆ ಎಷ್ಟು ಚಳಿಗಾಲ ಕಳೆದವು!

ಪರ್ತಿಗೆ ಬಂದ ಎರಡು ವರ್ಷಕ್ಕೆ ಅವಳಿಗೆ ಕಾಯಿಲೆ ಕಾಣಿಸಿತು. ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ನನ್ನ ಕೈ ಹಿಡಿದು, “ಆ ನಕ್ಷತ್ರದ ಹೊಂಡದ ನೀರು ಚಿತ್ರದಲ್ಲಿ ಇದ್ದ ಹಾಗೆಯೇ ಉಂಟಾ?” ಎಂದು ಕೇಳಿದಳು.

“ನೋಡಿಕೊಂಡು ಬಂದು ಹೇಳುತ್ತೇನೆ,” ಎಂದೆ.

ಅವಳು ನಕ್ಕಳು. “ಮುಂದಿನ ಚಳಿಗಾಲವಾ?”

“ಇಲ್ಲ. ನಿನ್ನ ವರ್ಷದ ಪೂಜೆಯ ಒಳಗೆ.” ಸಾಯುತ್ತಿರುವವಳ ಮುಂದೆ ಆಡಬಾರದ ಮಾತು, ಆದರೂ ಆಡಿದೆ, ಶಿಲುಬೆಯ ಗುರುತು ಮಾಡಿ ಮಾತು ಕೊಟ್ಟೆ. ಅವಳು ತೀರಿಕೊಂಡದ್ದು ನವೆಂಬರ್ ಹದಿನಾಲ್ಕರಂದು. ಸಮಾಧಿ ಫ್ರೀಮ್ಯಾಂಟಲ್‌ನಲ್ಲಿ.

ಆದರೆ ಹೋಗುವುದು ಹೇಗೆ? ನಾನಿರುವುದು ಮಗ ಎರಿಕ್‌ನ ಮನೆ. ಅವನಿಗೆ ಉತ್ತರದ ಗಣಿಯಲ್ಲಿ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಸೊಸೆ ರೊವೆನಾಳಿಗೆ ಮೋರ್ಲಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಬರುವುದು ಸಂಜೆ. ತಂದೆತಾಯಿಯರಿಗೆಂದು ಇರುವ ವೀಸಾಕ್ಕೆ ಅರ್ಜಿ ಹಾಕಿದ್ದಾರೆ. ಸರದಿ ಬರುವಷ್ಟರಲ್ಲಿ ನಾನು ಇರಲಾರೆ ಎಂದು ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ಬ್ರಿಡ್ಜಿಂಗ್ ವೀಸಾ ಎಂಬ ತಾತ್ಕಾಲಿಕ ಕಾಗದ. ಈಸ್ಟರ್ ದಿನ ಊಟಕ್ಕೆ ಕೂತಾಗ, “ಒಮ್ಮೆ ಮಸ್ಕತ್ತಿಗೆ ಹೋಗಿ ಬರಬೇಕು,” ಎಂದಿದ್ದೆ. ಎರಿಕ್ ಮೀನಿನ ಮುಳ್ಳು ಬಿಡಿಸುತ್ತಾ, “ಈ ವೀಸಾದಲ್ಲಿ ಹೊರಗೆ ಹೋದ್ರೆ ವಾಪಸ್ ಬರ್ಲಿಕ್ಕೆ ಆಗುದಿಲ್ಲ ಪಪ್ಪಾ. ನೋಡುವಾ,” ಎಂದ. ನೋಡುವಾ ಎಂಬ ಮಾತಿನ ಅರ್ಥ ನನಗೆ ಮಸ್ಕತ್ತಿನಲ್ಲೇ ತಿಳಿದಿತ್ತು. ಮತ್ತೆ ಕೇಳಲಿಲ್ಲ.

ನನ್ನ ಪಾಸ್‌ಪೋರ್ಟೂ ಅವನ ಬಳಿಯೇ ಇತ್ತು. ಅವನ ಕೋಣೆಯ ಕಪಾಟಿನಲ್ಲಿ ಅಂಕಿ ಒತ್ತಿ ತೆರೆಯುವ ಒಂದು ಚಿಕ್ಕ ಉಕ್ಕಿನ ಪೆಟ್ಟಿಗೆ ಇದೆ. ವಾರಕ್ಕೊಮ್ಮೆ ಅದರ ಮೇಲಿನ ಧೂಳು ಒರೆಸುವಾಗ ಅದು ನನ್ನನ್ನು ನೋಡುತ್ತಿದ್ದಂತೆ ಅನಿಸುತ್ತಿತ್ತು. ಮನೆ ಚೆನ್ನಾಗಿದೆ, ಹಿತ್ತಲಿನಲ್ಲಿ ನಿಂಬೆಗಿಡ ಇದೆ, ಸೊಸೆ ನನ್ನ ಸಕ್ಕರೆ ಕಾಯಿಲೆಗೆ ತಕ್ಕ ಅಡುಗೆ ಮಾಡುತ್ತಾಳೆ. ಯಾವುದಕ್ಕೂ ಕೊರತೆಯಿಲ್ಲ. ಕೊರತೆಯಿಲ್ಲದ ಮನೆಯಲ್ಲಿ ಬಾಗಿಲು ಎಲ್ಲಿದೆ ಎಂದು ಕೇಳುವುದು ಕಷ್ಟ. ಬೆಳಿಗ್ಗೆ ಲಿಲ್ಲಿಯ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ಜಪಸರ ಹೇಳುವಾಗ ಅವಳ ಕಣ್ಣು ನನ್ನನ್ನು ಕೇಳುತ್ತಿತ್ತು. ಆಗಸ್ಟ್ ಮುಗಿಯಿತು. ಉಳಿದದ್ದು ಎರಡೂವರೆ ತಿಂಗಳು.

ಸೆಪ್ಟೆಂಬರಿನ ಮೊದಲ ವಾರ ಪಾರ್ಕಿನಲ್ಲಿ ಉಮಾಪತಿಯವರು ಸಿಕ್ಕಿದರು. ಮೈಸೂರಿನವರು, ವಿದ್ಯುತ್ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಮೊದಲು ಅಡಿಲೇಡಿನ ಮಾಡ್ಬರಿಯಲ್ಲಿ ಮಗಳ ಮನೆಯಲ್ಲಿದ್ದರು, ಈಗ ಮಗನ ಜೊತೆ ನಮ್ಮ ಪಕ್ಕದ ಬೀದಿಯಲ್ಲಿ. ಅವರದೂ ನನ್ನದೇ ವೀಸಾ. ಅದು ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡುವ ಕಾಲ. ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತವೆಂದು, ಅವುಗಳನ್ನು ಹೆದರಿಸಲು ಅವರು ಟೋಪಿಯ ಹಿಂಭಾಗಕ್ಕೆ ಎರಡು ಕಣ್ಣು ಬರೆದುಕೊಂಡಿದ್ದರು.

“ಏನ್ ಲೋಬೊ ಅವ್ರೇ, ಕಾಣಿಸ್ಲೇ ಇಲ್ಲ? ಎರಡು ವಾರ ನಾನಿರ್ಲಿಲ್ಲ ಅಂತ ನೀವೂ ವಾಕಿಂಗ್ ಬಿಟ್ಬಿಟ್ರಾ?”

“ಎಲ್ಲಿಗೆ ಹೋಗಿದ್ದಿರಿ?”

“ಮೈಸೂರಿಗೆ. ತಂಗಿ ಮಗಳ ಮದುವೆ. ಜುಮ್ಮಂತ ಹೋಗಿ ಬಂದ್ಬಿಟ್ಟೆ.”

ನಾನು ನಿಂತುಬಿಟ್ಟೆ. “ಹೊರಗೆ ಹೋದರೆ ಒಳಗೆ ಬಿಡುವುದಿಲ್ಲವಲ್ಲ?”

“ಯಾರ್ರೀ ಹೇಳಿದ್ದು? ಈಗ ನಮ್ಗಿರೋ ಬ್ರಿಡ್ಜಿಂಗ್ ವೀಸಾ ಎ ಅನ್ನೋದು. ಹೋಗೋ ಮುಂಚೆ ಬಿ ಅಂತ ಒಂದು ಕಾಗ್ದ ತಗೋಬೇಕು. ಕಾರಣ ಬರೀಬೇಕು, ಪಾಸ್‌ಪೋರ್ಟ್ ಕೊಡ್ಬೇಕು, ಅಷ್ಟೇಯ.” ಅವರು ನನ್ನ ಮುಖ ನೋಡಿದರು. “ಇಷ್ಟು ದಿವ್ಸ ಗೊತ್ತಿರ್ಲಿಲ್ವಾ? ನಿಮ್ಮ ಮಗನ್ನ ಕೇಳಿದ್ದಿದ್ರೆ ಆಗ್ತಿತ್ತಲ್ಲ!”

“ಕೇಳಿದ್ದೆ.”

“ಎಷ್ಟು ಸಲ?”

“ಒಂದು ಸಲ.”

“ಒಂದೇ ಸಲ ಕೇಳಿ ಸುಮ್ಮನಾಗೋಕೆ ಅವನೇನು ನಿಮ್ಮ ಸಾಹೇಬನಾ? ಮಗ ಅಂದ್ಮೇಲೆ ಹತ್ತು ಸಲ ಪೀಡಿಸ್ಬೇಕು. ಅದಕ್ಕೇ ಅಲ್ವೇ ಹೆತ್ತಿರೋದು?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಮನೆಗೆ ಬಂದು ಕುಳಿತು ಬರೆದೆ. ಎರಿಕ್ ಮಸ್ಕತ್ತಿನಲ್ಲಿ ಬೆಳೆದವನು, ಕನ್ನಡ ಓದಲಾರ, ಇಂಗ್ಲಿಷಿನಲ್ಲಿಯೇ ಬರೆದೆ. ನಾಲ್ಕು ಸಲ ಹರಿದು ಹಾಕಿದೆ. ಐದನೆಯ ಸಲ ಕೈ ತಾನಾಗಿಯೇ ಓಡಿತು. ಮೇಲೆ ತಾರೀಖು. ಎಡಕ್ಕೆ ‘ಶ್ರೀ ಎರಿಕ್ ಲೋಬೊ ಅವರಿಗೆ’. ವಿಷಯ: ಪಾಸ್‌ಪೋರ್ಟ್ ತಾತ್ಕಾಲಿಕವಾಗಿ ಹಿಂದಿರುಗಿಸುವ ಬಗ್ಗೆ. ಪ್ರಯಾಣದ ಉದ್ದೇಶ, ಹದಿನೈದು ದಿನಗಳ ಅವಧಿ, ಹಿಂದಿರುಗಿದ ಮರುದಿನವೇ ಪಾಸ್‌ಪೋರ್ಟನ್ನು ಒಪ್ಪಿಸುವೆನೆಂಬ ಭರವಸೆ. ದಯವಿಟ್ಟು ಪರಿಗಣಿಸಬೇಕಾಗಿ ಪ್ರಾರ್ಥನೆ. ಕೆಳಗೆ ಸಹಿ: ಬೊನಿಫಾಸ್ ಲೋಬೊ. ಎರಡು ವರ್ಷಕ್ಕೊಮ್ಮೆಯಂತೆ ಮೂವತ್ತೊಂದು ವರ್ಷ ಬರೆದ ಅರ್ಜಿ ಅದು. ನನಗೆ ಬೇರೆ ರೀತಿ ಕೇಳಲು ಬರುತ್ತಿರಲಿಲ್ಲ.

ಗುರುವಾರ ಎರಿಕ್ ಗಣಿಯಿಂದ ಬಂದ. ಮರುದಿನ ಬೆಳಿಗ್ಗೆ ಅವನ ಚಹಾದ ಕಪ್ಪಿನ ಕೆಳಗೆ ಆ ಹಾಳೆಯನ್ನು ಇಟ್ಟು ನಾನು ಹಿತ್ತಲಿಗೆ ಹೋಗಿ ನಿಂಬೆಗಿಡದ ಬುಡ ಕೆದಕುತ್ತಾ ನಿಂತೆ. ಮ್ಯಾನೇಜರರ ಕೋಣೆಯ ಹೊರಗೆ ಕಾಯುತ್ತಿದ್ದಂತೆಯೇ ಕಾದೆ.

ಅವನು ಹಾಳೆ ಹಿಡಿದುಕೊಂಡೇ ಹೊರಗೆ ಬಂದ.

“ಎಂತ ಪಪ್ಪಾ ಇದು?”

“ಆಗುವುದಾದರೆ ಮಾತ್ರ. ಆಗದಿದ್ದರೆ ಬೇಡ.”

“ಇದು ಎಂತ ಅಂತ ಕೇಳಿದೆ. ಒಪ್ಪಿಸ್ತೇನೆ, ಪ್ರಾರ್ಥನೆ... ನಾನು ಎಂತ, ನಿಮ್ಮ ಅರ್ಬಾಬಾ?”

ಕೊಲ್ಲಿಯಲ್ಲಿ ಧಣಿಗೆ ಅರ್ಬಾಬ್ ಎನ್ನುತ್ತಾರೆ. ಅವನ ಮುಖ ಕೆಂಪಾಗಿತ್ತು. ಸಿಟ್ಟೆಂದು ನಾನು ತಿಳಿದೆ. ಆಮೇಲೆ ನೋಡಿದರೆ ಕಣ್ಣಲ್ಲಿ ನೀರು.

“ಪಾಸ್‌ಪೋರ್ಟ್ ನಿನ್ನ ಹತ್ತಿರ ಉಂಟಲ್ಲ,” ಎಂದೆ.

“ನಾನು ಕೇಳಿದ್ನಾ? ಬಂದ ದಿವ್ಸ ಏರ್‌ಪೋರ್ಟಿನಲ್ಲಿ ನೀವೇ ಮಮ್ಮಿಯದ್ದೂ ನಿಮ್ಮದ್ದೂ ಎರಡೂ ತೆಗೆದು ನನ್ನ ಕೈಯಲ್ಲಿ ಇಟ್ರಿ. ನಾನು ಟ್ರಾಲಿ ದೂಡ್ತಾ ಇದ್ದೆ. ಕಳೆದು ಹೋಗ್ತದೆ ಅಂತ ಹೆದರಿಕೆ ಇರ್ಬೇಕು ಅಂತ ಇಟ್ಕೊಂಡೆ.”

“ಪೆಟ್ಟಿಗೆಯಲ್ಲಿ ಬೀಗ ಹಾಕಿ...”

“ಯಾವ ಪೆಟ್ಟಿಗೆ? ರೊವೆನಾ! ಪಪ್ಪನ ಪಾಸ್‌ಪೋರ್ಟ್ ಎಲ್ಲಿ ಉಂಟು?”

ಒಳಗಿನಿಂದ ರೊವೆನಾಳ ದನಿ ಬಂತು: “ಅಡುಗೆಮನೆ ಮೂರನೇ ಡ್ರಾಯರ್, ಬ್ಯಾಟರಿ ಎಲ್ಲ ಇಡುವಲ್ಲಿ! ಕಂದು ಕವರ್!”

ನಾನು ಒಳಗೆ ಹೋಗಿ ಡ್ರಾಯರ್ ಎಳೆದೆ. ಕೈಗೆ ಮೊದಲು ಸಿಕ್ಕಿದ್ದು ಬೆಂಕಿಪೊಟ್ಟಣ. ಲಿಲ್ಲಿಯ ಮೇಣದಬತ್ತಿ ಹಚ್ಚಲು ದಿನವೂ ಬೆಳಿಗ್ಗೆ ನಾನು ಇದೇ ಡ್ರಾಯರ್ ಎಳೆದು, ಇದೇ ಪೊಟ್ಟಣ ತೆಗೆದು, ಮತ್ತೆ ಇಲ್ಲಿಯೇ ಇಡುತ್ತಿದ್ದೆ. ಅದರ ಕೆಳಗೆ ಹುಟ್ಟುಹಬ್ಬದ ಮೇಣದಬತ್ತಿಗಳು, ರಬ್ಬರ್ ಬ್ಯಾಂಡುಗಳು. ಅದರ ಕೆಳಗೆ ಕಂದು ಲಕೋಟೆ. ಹತ್ತು ತಿಂಗಳು ನನ್ನ ಬೆರಳು ಅದರ ಮೇಲೆ ಆಡಿತ್ತು.

ಎರಿಕ್ ನನ್ನ ಕೈಯಿಂದ ತೆಗೆದುಕೊಳ್ಳದೆ, ಭುಜದ ಮೇಲಿನಿಂದ ಬಗ್ಗಿ ನೋಡಿದ. ನಾನು ಪುಟ ತೆರೆದೆ. ಇಬ್ಬರೂ ಒಟ್ಟಿಗೆ ಓದಿದೆವು. ಪಾಸ್‌ಪೋರ್ಟಿನ ಅವಧಿ ಜೂನ್ ತಿಂಗಳಲ್ಲಿಯೇ ಮುಗಿದಿತ್ತು.

“ಛೇ,” ಎಂದ ಎರಿಕ್. “ಈಸ್ಟರಿಗೆ ನೀವು ಹೇಳಿದಾಗಲೇ ನೋಡಿದ್ರೆ... ನಾನು ಮರೆತೇ ಬಿಟ್ಟೆ ಪಪ್ಪಾ. ನೀವು ಮತ್ತೆ ಹೇಳ್ಲೇ ಇಲ್ಲ. ಇಷ್ಟ ಇಲ್ಲ ಅಂತ ಎಣಿಸಿದೆ.”

ಅವನನ್ನು ಏನೆನ್ನಲಿ? ಬೀಗವೇ ಇಲ್ಲದ ಡ್ರಾಯರಿಗೆ ಬೀಗ ಹಾಕಿದವನು ನಾನು.

ಅಂದೇ ಅವನು ಹೊಸ ಪಾಸ್‌ಪೋರ್ಟಿಗೆ ಅರ್ಜಿ ತುಂಬಿಸಿದ. ಊರಿನಿಂದ ಪೊಲೀಸ್ ವರದಿ ಬರಬೇಕು, ಅದು ಬಂದ ಮೇಲೆ ಪಾಸ್‌ಪೋರ್ಟ್, ಪಾಸ್‌ಪೋರ್ಟ್ ಬಂದ ಮೇಲೆ ಆ ಬಿ ಎಂಬ ಕಾಗದ. ದಿನವೂ ಫೋನಿನಲ್ಲಿ ನೋಡಿ, “ಇನ್ನೂ ಇಲ್ಲ,” ಎನ್ನುತ್ತಿದ್ದ. ಗಣಿಯಿಂದಲೂ ಕರೆಮಾಡಿ ಅದನ್ನೇ ಹೇಳುತ್ತಿದ್ದ. ಸೆಪ್ಟೆಂಬರ್ ಹೋಯಿತು. ಅಕ್ಟೋಬರ್ ಹೋಯಿತು. ಶೆರಿಲ್‌ಳ ಕೈಪಿಡಿ ಮುಗಿದು ಅದಕ್ಕೆ ಒಳ್ಳೆಯ ಅಂಕವೂ ಸಿಕ್ಕಿತು. ನಿಜ್ವಾದ ಬುರುಜು ಸುಮಾರು ಮೂವತ್ತು ಮೀಟರ್ ಎಂದು ಅವಳೇ ಹುಡುಕಿ ಬರೆದಿದ್ದಳು.

“ಹೊಂಡದ ವೀಡಿಯೋ ಉಂಟು ಪಪ್ಪಾ,” ಎಂದು ಎರಿಕ್ ಒಂದು ದಿನ ಫೋನ್ ಹಿಡಿದುಕೊಂಡು ಬಂದ. “ನೀರಿನ ಬಣ್ಣ ಸರೀ ಕಾಣ್ತದೆ. ಇದನ್ನು ನೋಡಿ ಮಮ್ಮಿಗೆ ಹೇಳಬಹುದು.”

“ಬೇಡ,” ಎಂದೆ. “ನೋಡಿ ಬರುತ್ತೇನೆ ಎಂದದ್ದು ನಾನು. ಫೋನ್ ಅಲ್ಲ.”

ನವೆಂಬರ್ ಹದಿನಾಲ್ಕು ಬಂತು. ಬೆಳಿಗ್ಗೆ ಪೂಜೆ ಆಯಿತು. ಆಮೇಲೆ ನಾವು ನಾಲ್ವರೂ ಸಮಾಧಿಗೆ ಹೋದೆವು. ಬಿಸಿಲು ಚುರುಕಾಗಿತ್ತು. ರೊವೆನಾ ಹೂವಿಟ್ಟಳು. ನಿತ್ಯ ವಿಶ್ರಾಂತಿಯ ಪ್ರಾರ್ಥನೆ ಹೇಳಿದೆವು. ಅವರು ಕಾರಿನತ್ತ ತಿರುಗಿದಾಗ ನಾನು ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದೆ.

“ಶೆರಿಲ್, ಬಾ ಇಲ್ಲಿ. ನಾನು ನಿನಗೆ ಒಂದು ಸುಳ್ಳು ಹೇಳಿದ್ದೆ. ಹಿಂದೆ ಬರೆದದ್ದು ಊರಿನ ಹೆಸರಲ್ಲ.”

ಎರಿಕ್ ನಿಂತ. ನಾನು ಒಂದೊಂದಾಗಿ ಹಾಳೆ ತಿರುಗಿಸಿ ಗಟ್ಟಿಯಾಗಿ ಓದಿದೆ.

“ನಿಜ್ವಾ. ಈ ಚಳಿಗಾಲದಲ್ಲಿ ಖಂಡಿತ.

“ಬಹ್ಲಾ. ಎರಿಕ್‌ನ ಪರೀಕ್ಷೆ ಮುಗಿದ ಮೇಲೆ ಎಂದಿದ್ದಾರೆ.

“ಸೂರ್. ಹಡಗು ಕಟ್ಟುವುದನ್ನು ನನ್ನ ಅಪ್ಪ ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದರು.

“ಗುಲಾಬಿಯ ಬೆಟ್ಟ. ಏಪ್ರಿಲಿನಲ್ಲಿ ಹೂ. ಇವರಿಗೆ ಪುರುಸೊತ್ತಿಲ್ಲ.

“ಸಲಾಲಾ. ಊರಿನ ಹಾಗೆಯೇ ಮಳೆಯಂತೆ. ಕೇಳಿದೆ. ಉತ್ತರ ಕೊಡಲಿಲ್ಲ.

“ನಕ್ಷತ್ರದ ಹೊಂಡ. ಕೇಳುವುದನ್ನು ಬಿಟ್ಟಿದ್ದೇನೆ.”

ಅದರ ಮುಂದಿನ ವರ್ಷಗಳ ಹಾಳೆಗಳ ಹಿಂದೆ ಏನೂ ಇರಲಿಲ್ಲ. ಖಾಲಿ. ಅವುಗಳನ್ನೂ ಒಂದೊಂದಾಗಿ ತಿರುಗಿಸಿ ತೋರಿಸಿದೆ.

ಶೆರಿಲ್ ಒಂದು ಖಾಲಿ ಹಾಳೆಯನ್ನು ಕೈಗೆ ತೆಗೆದುಕೊಂಡು, “ಗ್ರ್ಯಾಂಡ್‌ಮಾ ಒಬ್ಬಳೇ ಬಸ್ ಹತ್ತಿ ಹೋಗಬಹುದಿತ್ತಲ್ಲ?” ಎಂದಳು.

“ಅವಳ ಕಾರ್ಡು ನನ್ನ ಪರ್ಸಿನಲ್ಲಿ ಇರುತ್ತಿತ್ತು,” ಎಂದೆ.

ನಾನು ಕಲ್ಲಿನ ಮೇಲೆ ಕೈಯಿಟ್ಟು ಲಿಲ್ಲಿಗೆ ಹೇಳಿದೆ: ನೋಡಿಲ್ಲ. ನೀರು ಹೇಗಿದೆಯೋ ಗೊತ್ತಿಲ್ಲ. ಕೊಟ್ಟ ಮಾತಿನ ದಿನ ಇಂದಿಗೆ ಮುಗಿಯಿತು, ನಾನು ತಪ್ಪಿದೆ. ಕಲ್ಲು ಬಿಸಿಲಿಗೆ ಕಾದಿತ್ತು. ಕೈ ಸುಟ್ಟರೂ ತೆಗೆಯಲಿಲ್ಲ.

ಕ್ರಿಸ್ಮಸ್‌ಗೆ ಎರಡು ವಾರ ಇರುವಾಗ ಪಾಸ್‌ಪೋರ್ಟ್ ಬಂದಿದೆ ಎಂದು ಕರೆ ಬಂತು. ಎರಿಕ್ ನನ್ನನ್ನು ಪರ್ತ್ ಪೇಟೆಗೆ ಕರೆದುಕೊಂಡು ಹೋದ. ಕಿಟಕಿಯ ಹಿಂದಿನ ಹುಡುಗಿ ನನ್ನ ಹೆಸರು ಕೂಗಿ, ಸಹಿ ಹಾಕಿಸಿಕೊಂಡು, ಹೊಸ ನೀಲಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಇನ್ನು ಬಿ ಎಂಬ ಕಾಗದಕ್ಕೆ ಬರೆಯಬೇಕು. ಅದು ಯಾವಾಗ ಬರುತ್ತದೋ, ಅಷ್ಟರಲ್ಲಿ ನನ್ನ ಕಾಲು ಹೇಗಿರುತ್ತದೋ. ಪ್ರಯಾಣದ ಕಾರಣ ಏನೆಂದು ಅದರಲ್ಲಿ ಕೇಳುತ್ತಾರಂತೆ. ‘ನಿಜ್ವಾದಲ್ಲಿ ನಿನಗೇನು ಕೆಲಸ?’ ಎಂಬ ಪ್ರಶ್ನೆಗೆ ಈಗಲಾದರೂ ಉತ್ತರ ಬರೆಯಬೇಕು.

ಇದನ್ನೆಲ್ಲ ಯೋಚಿಸುತ್ತಾ ಕಿಟಕಿಯಿಂದ ತಿರುಗಿದವನು, ನನಗೆ ತಿಳಿಯದೆಯೇ, ಪಾಸ್‌ಪೋರ್ಟನ್ನು ಎರಿಕ್‌ನ ಕಡೆಗೆ ಚಾಚಿದೆ.

ಅವನು ತನ್ನ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿದ.

ನನ್ನ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿತ್ತು. ಅವನು ಕೈ ಹೊರಗೆ ತೆಗೆಯಲಿಲ್ಲ. ಸರದಿಯಲ್ಲಿ ಹಿಂದೆ ಇದ್ದವರು ಪಕ್ಕಕ್ಕೆ ಸರಿಯಿರಿ ಎಂದರು. ಆಗ ಅದನ್ನು ನನ್ನ ಅಂಗಿಯ ಜೇಬಿನಲ್ಲಿ, ಜಪಸರದ ಪಕ್ಕದಲ್ಲಿ ಇಟ್ಟುಕೊಂಡೆ.